ಕುದುರೆ, ಚಕ್ಕಡಿ ಮತ್ತು ಹಿಂದಿನ ಸೀಟು

ನಮ್ಮವರಿಗೆ ಐವತ್ತು ದಾಟಿದ ಮೇಲೆ ದೊಡ್ಡ ಮೋಟರ್‌ಸೈಕಲ್ಲಿನ ಹುಚ್ಚು ಹಿಡಿಯಿತು. ಒಂದೇ ಹುಚ್ಚಾಗಿದ್ದರೆ ಹೇಗೋ ಸಂಭಾಳಿಸುತ್ತಿದ್ದೆ, ಹಿಡಿದದ್ದು ಎರಡು. ಹುಬ್ಬಳ್ಳಿಯ ಶೋರೂಮಿನಲ್ಲಿ ಎರಡು ಭಾರೀ ಗಾಡಿಗಳು ಅಕ್ಕಪಕ್ಕ ನಿಂತಿದ್ದವು. ಎಂಜಿನ್ನು ಎರಡಕ್ಕೂ ಒಂದೇ, ಅವತಾರ ಮಾತ್ರ ಬೇರೆ. ಒಂದು ಕ್ರೂಸರ್. ಉದ್ದಕ್ಕೆ, ಕುಳ್ಳಗೆ, ಲಂಗೋಟಿ ಕಟ್ಟಿದ ಪೈಲ್ವಾನನ ಹಾಗೆ ಎಂಜಿನ್ನನ್ನೆಲ್ಲ ಹೊರಗೆ ತೋರಿಸಿಕೊಂಡು ನಿಂತದ್ದು, ಕಾಲು ಮುಂದಕ್ಕೆ ಚಾಚಿ ಓಡಿಸುವಂಥದ್ದು. ಇನ್ನೊಂದು ಟೂರರ್. ಮುಂದೆ ಗಾಳಿ ತಡೆಯುವ ಅಗಲವಾದ ಗಾಜು, ಎರಡೂ ಬದಿಗೆ ಗಟ್ಟಿ ಪೆಟ್ಟಿಗೆ, ಹಿಂದೆ ಕೂಡುವವರ ಬೆನ್ನಿಗೊಂದು ದಿಂಬು, ಕೈಯಿಡಲು ಆಸರೆ. ದೂರದೂರಿಗೆ ಹೋಗುವವರ ಗಾಡಿ ಅದು.

ಇವರು ಎರಡರ ಫೋಟೋವನ್ನೂ ಮೊಬೈಲಿನಲ್ಲಿ ಹಿಡಿದುಕೊಂಡು ಬಂದು ಮೊದಲು ತೋರಿಸಿದ್ದು ತಮ್ಮ ತಾಯಿಗೆ, ಅಂದರೆ ನನ್ನ ಅತ್ತೆಗೆ. ಅವರು ಜೋಳ ಹಸನು ಮಾಡುತ್ತಿದ್ದರು. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ನೋಡಿದರು.

"ಇದು ಕುದರಿ, ಇದು ಚಕ್ಕಡಿ. ಇಷ್ಟಕ್ಕ ಏನ್ ವಿಚಾರ ಮಾಡ್ತೀಯೋ ತಮ್ಮಾ?" ಎಂದು ಮೊರವನ್ನು ಮತ್ತೆ ಮುಂದಕ್ಕೆಳೆದುಕೊಂಡರು. ಅವತ್ತಿನಿಂದ ನಮ್ಮ ಮನೆಯಲ್ಲಿ ಕ್ರೂಸರ್ ಎಂದರೆ ಕುದುರೆ, ಟೂರರ್ ಎಂದರೆ ಎತ್ತಿನ ಚಕ್ಕಡಿ.

ವಿಚಾರ ಮಾತ್ರ ಮುಗಿಯಲಿಲ್ಲ. ತಾರಿಹಾಳದಲ್ಲಿ ಇವರದೊಂದು ಸಣ್ಣ ವರ್ಕ್‌ಶಾಪಿದೆ, ಪಂಪಿನ ಬಿಡಿಭಾಗ ಮಾಡುತ್ತಾರೆ. ಅಲ್ಲಿ ಎಂಥ ಲೇತ್ ತರಬೇಕು, ಯಾರನ್ನು ಕೆಲಸಕ್ಕಿಡಬೇಕು ಎಂದು ನಿಂತ ಕಾಲಮೇಲೆ ತೀರ್ಮಾನಿಸುವ ಮನುಷ್ಯ ಇವರು. ಅಂಥವರು ರವಿವಾರ ಬಂತೆಂದರೆ ಶೋರೂಮಿಗೆ ಹೋಗಿ ಎರಡು ಗಾಡಿಗಳ ನಡುವೆ ನಿಂತು ಗಡ್ಡ ಕೆರೆದುಕೊಂಡು ವಾಪಸು ಬರುತ್ತಿದ್ದರು. ಒಂದು ವಾರ ಕುದುರೆ, ಮುಂದಿನ ವಾರ ಚಕ್ಕಡಿ. ಊಟಕ್ಕೆ ಕೂತರೆ ಅದೇ ಮಾತು. ಸಾರಿಗೆ ಉಪ್ಪು ಹೆಚ್ಚಾಗಿದೆಯೋ ಕಡಿಮೆಯಾಗಿದೆಯೋ ಎಂದು ಕೇಳಿದರೆ "ಕುದರಿಗೆ ಗಾಜಿಲ್ಲ ನೋಡು" ಎನ್ನುತ್ತಿದ್ದರು. ನನಗೆ ಪಿತ್ತ ನೆತ್ತಿಗೇರುತ್ತಿತ್ತು.

ನನಗೆ ಕುದುರೆಯೂ ಬೇಕಿರಲಿಲ್ಲ, ಚಕ್ಕಡಿಯೂ ಬೇಕಿರಲಿಲ್ಲ. ನನಗೆ ಬೇಕಾಗಿದ್ದು ಹಿಂದಿನ ಸೀಟು. ಯಾಕೆಂದು ಹೇಳುತ್ತೇನೆ.

ನಾನು ಮದುವೆಯಾಗಿ ಬಂದದ್ದು ತುಂಬಿದ ಮನೆಗೆ. ಅತ್ತೆ, ಮಾವ, ಇಬ್ಬರು ಮೈದುನರು, ನಾದಿನಿ, ದಿನಾ ಯಾರಾದರೊಬ್ಬರು ನೆಂಟರು. ಗಂಡಹೆಂಡತಿ ಎದುರುಬದುರು ಕೂತು ಮಾತಾಡಬಾರದು ಎಂದು ಆ ಮನೆಯಲ್ಲಿ ಯಾರೂ ಹೇಳಿರಲಿಲ್ಲ, ಆದರೆ ಯಾರೂ ಮಾಡುತ್ತಲೂ ಇರಲಿಲ್ಲ. ನಮಗೆ ಸಿಕ್ಕ ಏಕಾಂತವೆಂದರೆ ಸ್ಕೂಟರು. ಮನೆ ಹುಬ್ಬಳ್ಳಿ ಧಾರವಾಡದ ನಡುವಿನ ನವನಗರದಲ್ಲಿ, ನನ್ನ ಶಾಲೆ ಧಾರವಾಡದಲ್ಲಿ, ಇವರ ವರ್ಕ್‌ಶಾಪು ಅದಕ್ಕೆ ಪೂರ್ತಿ ಉಲ್ಟಾ ದಿಕ್ಕಿಗೆ. ಆದರೂ ದಿನಾ ಬೆಳಿಗ್ಗೆ ನನ್ನನ್ನು ಧಾರವಾಡಕ್ಕೆ ಬಿಟ್ಟು, ತಿರುಗಿ ಬಂದು, ನವನಗರವನ್ನು ಮತ್ತೆ ದಾಟಿಕೊಂಡು ತಾರಿಹಾಳಕ್ಕೆ ಹೋಗುತ್ತಿದ್ದರು. "ಆಕಿಗೆ ಬಸ್ ಇಲ್ಲೇನೋ?" ಎಂದು ಮಾವ ಕೇಳಿದರೆ, "ಗಾಡಿ ಇಂಜಿನ್ ಬಿಸಿ ಆಗಬೇಕಲ್ಲಪಾ" ಎಂದು ಹಲ್ಲು ಕಿರಿಯುತ್ತಿದ್ದರು. ಇಪ್ಪತ್ತು ಕಿಲೋಮೀಟರಾದರೂ ಬಿಸಿಯಾಗದ ಇಂಜಿನ್ನು ಅದು!

ಆ ಹಿಂದಿನ ಸೀಟಿನಲ್ಲಿ ಕೂತು ನಾವು ಆಡದ ಮಾತಿಲ್ಲ. ಮಗಳಿಗೆ ಹೆಸರಿಟ್ಟದ್ದು ಅಲ್ಲೇ. ಮೈದುನನ ಮದುವೆಯ ಗೊಂದಲ ಬಿಡಿಸಿದ್ದು ಅಲ್ಲೇ. ಜಗಳಕ್ಕೂ ಅದೇ ಜಾಗ. ಗೇಟು ದಾಟಿದೊಡನೆ ಶುರುವಾದದ್ದು ಲಕಮನಹಳ್ಳಿಯ ಹತ್ತಿರ ತಾರಕಕ್ಕೇರಿ, ಶಾಲೆಯ ಮುಂದೆ ನಾನು ಇಳಿಯುವಷ್ಟರಲ್ಲಿ ಒಂದು ಹದಕ್ಕೆ ಬರುತ್ತಿತ್ತು. ಮುಖ ಕಾಣುವುದಿಲ್ಲವಲ್ಲ, ಬೆನ್ನಿಗೆ ಏನು ಬೇಕಾದರೂ ಹೇಳಬಹುದು. ನಾನು ಹೇಳಿದ್ದೇನೆ. ಬೆನ್ನು ಕೇಳಿಸಿಕೊಂಡಿದೆ.

ಮುಂದೆ ಕಾರು ಬಂತು. ಕಾರು ಬಂದದ್ದೇ ನನ್ನ ಬಾಯಿಗೆ ಬೀಗ ಬಿತ್ತು. ಹಿಂದೆ ಕೂತರೆ ಅತ್ತೆಗೆ ಹೊಟ್ಟೆ ತೊಳಸುತ್ತದೆ, ಹಾಗಾಗಿ ಮುಂದಿನ ಸೀಟು ಅವರದು. ನಾನು ಹಿಂದೆ ಕೂತು ಕಿಟಕಿಯಿಂದ ಬೋರ್ಡು ಓದುವುದು. ಸ್ಕೂಟರು ಮಾರಿದೆವು, ಶಾಲೆಗೆ ಬಸ್ಸು ಹಿಡಿದೆ. ಮಾವ ಹೋದರು, ಮೈದುನರು ಬೇರೆ ಮನೆ ಮಾಡಿದರು, ಮಗಳು ಮದುವೆಯಾಗಿ ಬೆಳಗಾವಿ ಸೇರಿದಳು. ಮನೆಯಲ್ಲಿ ನಾವು ಮೂವರೇ ಉಳಿದೆವು. ಆಗಲಾದರೂ ಮಾತಾಡಬಹುದಿತ್ತಲ್ಲ ಎಂದರೆ, ಅಷ್ಟೊತ್ತಿಗೆ ರೂಢಿ ತಪ್ಪಿತ್ತು. ಹಾಲು ಬಂತೇ, ಗ್ಯಾಸು ಮುಗಿಯಿತೇ, ನಳಕ್ಕೆ ನೀರು ಬಂದಿದೆಯೇ. ಇದರಾಚೆಗೆ ನಮ್ಮ ನಡುವೆ ಮಾತಿರಲಿಲ್ಲ. ನನಗೆ ಅದು ನಿಜವಾಗಿಯೂ ಸಂಕಟದ ಸಂಗತಿಯಾಗಿತ್ತು.

ಅದಕ್ಕೇ ಇವರು ಮೋಟರ್‌ಸೈಕಲ್ಲು ಎಂದಾಗ ನಾನು ಮೂಗು ಮುರಿಯಲಿಲ್ಲ. ಎರಡು ಗಾಲಿ, ಎರಡು ಸೀಟು. ಮುಂದಿನದು ಅವರದು, ಹಿಂದಿನದು ನನ್ನದು. ಮೂರನೆಯವರಿಗೆ ಜಾಗವೇ ಇಲ್ಲ. ಎಂಥ ಸೊಗಸಾದ ಗಾಡಿ!

"ನಿಮಗ ತಿಳಿಯೂದಿಲ್ಲ, ನಾ ಬಂದು ಕುಂತು ನೋಡ್ತೇನಿ" ಎಂದು ಒಂದು ರವಿವಾರ ನಾನೇ ಹೊರಟೆ.

ಮೊದಲು ಕುದುರೆ. ಹಿಂದಿನ ಸೀಟೆಂದು ಅವರು ಕರೆಯುವುದು ನನ್ನ ರೊಟ್ಟಿಗಿಂತ ಸಣ್ಣದಿತ್ತು. ಸೀರೆಯಲ್ಲಿ ಒಂದು ಬದಿಗೆ ಕೂತೆ, ಅರ್ಧ ಕೂತೆ ಎನ್ನಬೇಕು. ಇವರ ಹೊಟ್ಟೆಯನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದೆ. ಗಾಡಿ ಧಡ್ ಧಡ್ ಎಂದು ಶುರುವಾಯಿತು ನೋಡಿ, ನನ್ನ ಹಲ್ಲೆಲ್ಲ ಒಂದಕ್ಕೊಂದು ಬಡಿದವು. ರಸ್ತೆಗೆ ಬಂದ ಮೇಲೆ ಗಾಳಿ. ನಾನು ಪರೀಕ್ಷೆಗೆಂದೇ ಬಂದವಳು, ಹೆಲ್ಮೆಟ್ಟಿನೊಳಗಿಂದ ಕೂಗಿದೆ:

"ರೀ, ಕೇಳಸ್ತೈತೇನ್ರಿ?"

"ಹಾಂ?"

"ನಿಮ್ಮ ತಲಿ ಕೆಟ್ಟೈತಿ!"

"ಹೂಂ, ಭಾಳ ಛಲೋ ಐತಿ!"

ಕುದುರೆಯ ಹಣೆಬರಹ ಅಲ್ಲಿಗೆ ಮುಗಿಯಿತು, ನನ್ನ ಮಟ್ಟಿಗೆ.

ಆಮೇಲೆ ಚಕ್ಕಡಿ. ಅದರ ಹಿಂದಿನ ಸೀಟು ನೋಡಿದರೆ ಕಣ್ಣು ತುಂಬಬೇಕು, ಕುರ್ಚಿಯ ಹಾಗಿದೆ. ಆದರೆ ಕೂಡುವುದು ಹೇಗೆ? ಒಂದು ಬದಿಗೆ ಕೂತರೆ ಕಾಲಿಗೆ ಪೆಟ್ಟಿಗೆ ಅಡ್ಡ, ಸೊಂಟಕ್ಕೆ ಕೈಯಾಸರೆ ಅಡ್ಡ. ಎರಡೂ ಬದಿಗೆ ಕಾಲು ಹಾಕಿಯೇ ಕೂಡಬೇಕು. ನಾನು ಸೀರೆಯ ನೆರಿಗೆ ಹಿಡಿದುಕೊಂಡು ಆ ಕಡೆಯಿಂದ ಪ್ರಯತ್ನಿಸಿದೆ, ಈ ಕಡೆಯಿಂದ ಪ್ರಯತ್ನಿಸಿದೆ. ಶೋರೂಮಿನ ಹುಡುಗಿಯರು ಬಾಯಿಗೆ ಕೈಯಿಟ್ಟುಕೊಂಡರು. ಮಾರಾಟದವನು ಮೆಲ್ಲಗೆ, "ಮೇಡಂ, ಚೂಡಿದಾರ ಹಾಕ್ಕೊಂಡು ಬಂದ್ರ..." ಎಂದ. ನಾನು ಒಂದು ಶಾಲೆಯ ಹೆಡ್‌ಮೇಡಂ. ನನ್ನ ಕಣ್ಣಿಗೆ ಹತ್ತನೇ ತರಗತಿಯ ಗಂಡುಹುಡುಗರು ಹೆದರುತ್ತಾರೆ. ಅವನೂ ಹೆದರಿದ.

ನೀವೂ ಅದನ್ನೇ ಕೇಳುವಿರಿ, ಚೂಡಿದಾರ ಹಾಕಿಕೊಂಡರೆ ಏನಾಗುತ್ತಿತ್ತು? ಏನೂ ಆಗುತ್ತಿರಲಿಲ್ಲ. ಮಗಳು ಒಮ್ಮೆ ತಂದುಕೊಟ್ಟಿದ್ದಳು, ಹಾಕಿಕೊಂಡು ದಿನವಿಡೀ ಇನ್ನೊಬ್ಬರ ಮನೆಯಲ್ಲಿ ಕೂತ ಹಾಗೆ ಅನಿಸಿತ್ತು. ನನಗೆ ಸೀರೆಯೇ ಆಗಬೇಕು. ಹಟವೆಂದರೆ ಹಟ.

ಮನೆಗೆ ಬಂದು ಚಪ್ಪಲಿಯನ್ನು ಒಂದೊಂದು ಮೂಲೆಗೆ ಬಿಟ್ಟೆ. ಅತ್ತೆ ಪಡಸಾಲೆಯಲ್ಲಿ ಕೂತಿದ್ದರು.

"ಯಾಕವಾ, ಮಾರಿ ಹಿಂಗ ಮಾಡ್ಕೊಂಡೀ?"

ಹೇಳಿದೆ. ಕುದುರೆಯ ಮೇಲೆ ಮಾತು ಕೇಳುವುದಿಲ್ಲ ಎಂಬುದನ್ನು ಮಾತ್ರ ಹೇಳಲಿಲ್ಲ, ಅದು ನನ್ನ ಗುಟ್ಟು. ಚಕ್ಕಡಿಯ ಮೇಲೆ ಸೀರೆಯಲ್ಲಿ ಕೂಡಲಾಗದ ಕಥೆ ಹೇಳಿದೆ. ಅತ್ತೆ ನಕ್ಕರು. ನಕ್ಕೂ ನಕ್ಕೂ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಅಯ್ಯ ಹುಚ್ಚಿ, ಕಚ್ಚಿ ಹಾಕ್ಕೊಂಡ್ರ ಮುಗೀತಲ್ಲ! ನಾವು ಕಚ್ಚಿ ಹಾಕ್ಕೊಂಡು ಹುಣಸಿಗಿಡಾ ಹತ್ತಿದವ್ರು. ಇದೇನ್ ದೊಡ್ಡ ಗಾಡಿ?"

ಅತ್ತೆ ಇವತ್ತಿಗೂ ಉಡುವುದು ಉದ್ದನೆಯ ಇಳಕಲ್ ಸೀರೆಯನ್ನೇ, ನೆರಿಗೆಯನ್ನು ಕಾಲ ನಡುವಿನಿಂದ ಹಿಂದಕ್ಕೆ ತಂದು ಸೊಂಟಕ್ಕೆ ಸಿಕ್ಕಿಸಿ. ಕಚ್ಚೆ ಎಂದರೆ ಅದು. ನಾನು ಬಂದ ಹೊಸದರಲ್ಲಿ ಅದನ್ನು ಮುದುಕಿಯರ ಉಡುಗೆ ಎಂದುಕೊಂಡಿದ್ದೆ. ಈಗ ನೋಡುತ್ತೇನೆ, ಅದು ಸೀರೆಯೂ ಹೌದು, ಇಜಾರವೂ ಹೌದು. ಹಟಕ್ಕೆ ಹಟವೂ ಉಳಿಯಿತು, ಕಾಲಿಗೆ ದಾರಿಯೂ ಆಯಿತು. ನನಗೆ ಕುಣಿಯುವಷ್ಟು ಖುಷಿಯಾಯಿತು.

ಆ ವಾರವಿಡೀ ಸಂಜೆ ಶಾಲೆಯಿಂದ ಬಂದದ್ದೇ ಕಚ್ಚೆಯ ಪಾಠ. ಅತ್ತೆ ತಮ್ಮದೇ ಒಂದು ಸೀರೆ ತೆಗೆದುಕೊಟ್ಟರು. ಮೊದಲ ದಿನ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಎಲ್ಲ ಬಿಚ್ಚಿ ಕಾಲಿಗೆ ಸುತ್ತಿಕೊಂಡಿತು. "ಬಿಗಿ ಎಳಿ, ಹೆದರಬ್ಯಾಡ, ಹರಿಯಂಗಿಲ್ಲ" ಎಂದು ಬೆನ್ನ ಹಿಂದೆ ನಿಂತು ಎಳೆದು ಸಿಕ್ಕಿಸುತ್ತಿದ್ದರು. ಕೊನೆಗೊಮ್ಮೆ ನಿಂತಿತು. ಪಡಸಾಲೆಯಲ್ಲಿ ಆ ಗೋಡೆಯಿಂದ ಈ ಗೋಡೆಗೆ ದಾಪುಗಾಲು ಹಾಕಿದೆ. ಸೋಫಾದ ಕೈಯ ಮೇಲೆ ಕಾಲು ಹಾಯಿಸಿ ಕೂತೆ. ಅದೇ ಹೊತ್ತಿಗೆ ಒಳಗೆ ಬಂದ ನಮ್ಮವರು ಬಾಗಿಲಲ್ಲೇ ನಿಂತರು.

"ಯಾರ್ರೀ ಇವರು? ನಮ್ಮ ಅಜ್ಜಿ ತಿರುಗಿ ಬಂದಂಗ ಐತಲ್ಲ!"

ದಿಂಬು ಎಸೆದೆ. ಗುರಿ ತಪ್ಪಲಿಲ್ಲ. ಅತ್ತೆ ಬಿದ್ದು ಬಿದ್ದು ನಕ್ಕರು. ನಕ್ಕು ಮುಗಿಸಿ, "ಈ ರವಿವಾರ ನಾನೂ ಬರ್ತೇನಿ" ಎಂದರು.

ಕಾರಿನ ಮುಂದಿನ ಸೀಟು ಕಣ್ಣ ಮುಂದೆ ಬಂತು. ಆದರೆ ಕಚ್ಚೆ ಕಲಿಸಿದವರಿಗೆ ಬರಬೇಡಿ ಎನ್ನಲು ಯಾವ ಬಾಯಿ?

ರವಿವಾರ ಮೂವರೂ ಹೋದೆವು. ಒಂದೇ ನಮೂನೆಯ ಸೀರೆ ಉಟ್ಟ ಅತ್ತೆಸೊಸೆಯನ್ನು ಕಂಡು ಶೋರೂಮಿನವರು ಎದ್ದು ನಿಂತರು. ಅತ್ತೆ ಕುದುರೆಯ ಕಡೆ ತಿರುಗಿಯೂ ನೋಡಲಿಲ್ಲ. ಚಕ್ಕಡಿಯನ್ನು ಒಂದು ಸುತ್ತು ಹಾಕಿದರು, ಹಿಂದಿನ ಸೀಟನ್ನು ಅಂಗೈಯಿಂದ ಒತ್ತಿ ನೋಡಿದರು, ಕೈಯಾಸರೆ ಅಲ್ಲಾಡಿಸಿದರು. ಆಮೇಲೆ ಮಗನ ಮುಖ ನೋಡಿ ಕೇಳಿದರು:

"ತಮ್ಮಾ, ನಾ ಒಂದು ಸುತ್ತು ಕುಂಡ್ರಲೇನು?"

ಮಾರಾಟದವನಿಗೆ ಬೆವರು ಬಂತು. "ಅಮ್ಮಾರ, ಭಾಳ ಎತ್ತರ ಐತ್ರಿ, ವಜ್ಜಾ ಗಾಡಿರಿ..." ಎಂದ. "ಸ್ಟೂಲ್ ತಾ" ಎಂದರು ಅತ್ತೆ. ಸ್ಟೂಲು ಬಂತು. ತಲೆಯ ಮೇಲಿನ ಸೆರಗು ತೆಗೆಯದೆ ಅದರ ಮೇಲೆಯೇ ಹೆಲ್ಮೆಟ್ಟು ಹಾಕಿಸಿಕೊಂಡರು. ಮಗನ ಹೆಗಲು ಹಿಡಿದು, ಕಾಲು ಹಾಯಿಸಿ, ಕೂತೇಬಿಟ್ಟರು. ಎರಡೂ ಕೈ ಆಸರೆಯ ಮೇಲೆ, ಬೆನ್ನು ದಿಂಬಿಗೆ. ಅಲ್ಲಿದ್ದವರೆಲ್ಲ ಚಪ್ಪಾಳೆ ಹೊಡೆದು ಮೊಬೈಲು ಎತ್ತಿದರು. ಗಾಡಿ ಗುಡುಗುಡು ಎನ್ನುತ್ತ ಗೇಟು ದಾಟಿ ಹೋಯಿತು.

ನಾನು ನಿಂತೆ. ವಾರವಿಡೀ ಕಲಿತ ಕಚ್ಚೆಯಲ್ಲಿ, ಕೈಯಲ್ಲಿ ಹೆಲ್ಮೆಟ್ಟು ಹಿಡಿದುಕೊಂಡು. ಮುಂದಿನ ಸೀಟೂ ಹೋಯಿತು, ಹಿಂದಿನ ಸೀಟೂ ಹೋಯಿತು. ಹೊಟ್ಟೆಕಿಚ್ಚಾಯಿತು, ಹೌದು. ನನ್ನ ಅತ್ತೆಯನ್ನು ನಾನು ಪ್ರೀತಿಸುತ್ತೇನೆ, ಆದರೂ ಆಯಿತು. ಇನ್ನು ಈ ಗಾಡಿ ಮನೆಗೆ ಬಂದರೂ ಅದು ಅವರದೇ ಎಂದುಕೊಂಡೆ.

ಒಂದು ಸುತ್ತು ಎಂದವರು ಬರಲಿಲ್ಲ. ಚಹಾ ತಂದುಕೊಟ್ಟರು, ಆರಿತು. ಮಾರಾಟದವನು ಫೋನು ಮಾಡಿದ, ಇವರು ಎತ್ತಲಿಲ್ಲ. ಹೊಟ್ಟೆಕಿಚ್ಚು ಕರಗಿ ಭಯ ಶುರುವಾಯಿತು. ಆ ವಯಸ್ಸಿನ ಜೀವ, ಎಲ್ಲಾದರೂ ಜಾರಿದರೆ? ನಾನು ರಸ್ತೆಯ ಬದಿಗೆ ಬಂದು ನಿಂತೆ. ಬಂದ ಬಸ್ಸು, ಲಾರಿ, ರಿಕ್ಷಾ ಎಲ್ಲದರ ಹಿಂದೆಯೂ ಕಣ್ಣು ಹಾಯಿಸಿದೆ.

ಕೊನೆಗೆ ಕಂಡರು. ಗಾಡಿ ನಿಧಾನವಾಗಿ, ನಿಜಕ್ಕೂ ಚಕ್ಕಡಿಯ ಹಾಗೆಯೇ ಬರುತ್ತಿತ್ತು. ಅತ್ತೆ ಮುಂದಕ್ಕೆ ಬಾಗಿ ಮಗನ ಹೆಗಲ ಹತ್ತಿರ ಮುಖ ತಂದು ಏನೋ ಹೇಳುತ್ತಿದ್ದರು, ಒಂದು ಕೈ ಗಾಳಿಯಲ್ಲಿ ಆಡುತ್ತಿತ್ತು. ಇವರು ತಲೆಯಾಡಿಸುತ್ತಿದ್ದರು. ಗಾಡಿ ನಿಂತ ಮೇಲೂ ಅತ್ತೆ ಹೇಳುತ್ತಿದ್ದದ್ದನ್ನು ಮುಗಿಸಿಯೇ ಇಳಿದರು. ಇವರು ಹೆಲ್ಮೆಟ್ಟು ತೆಗೆದಾಗ ಕಣ್ಣು ಕೆಂಪಗಿತ್ತು.

"ಏನಾತ್ರಿ?"

"ಏನಿಲ್ಲ, ಗಾಳಿ" ಎಂದರು. ಅಷ್ಟು ದೊಡ್ಡ ಗಾಜಿನ ಹಿಂದೆ ಎಲ್ಲಿಯ ಗಾಳಿ?

ಅತ್ತೆ ಕುರ್ಚಿಯಲ್ಲಿ ಕೂತು ನೀರು ಕುಡಿದರು. "ಕುದರಿ ಬ್ಯಾಡ. ಇದನ್ನ ತೊಗೋ" ಎಂದರು ಮಗನಿಗೆ. ನನಗೆ, "ಹೋಗು, ನೀನೂ ಕುಂತು ಬಾ" ಎಂದರು.

ಹತ್ತಿದೆ. ಕಚ್ಚೆ ಕೈಕೊಡಲಿಲ್ಲ, ಒಂದೇ ಸಲಕ್ಕೆ ಕಾಲು ಆ ಬದಿಗೆ ಹೋಯಿತು. ಧಾರವಾಡದ ಕಡೆಗೆ ಹೊರಟೆವು. ಗಾಜಿನ ಹಿಂದೆ ಎಷ್ಟು ನಿಶ್ಶಬ್ದವೆಂದರೆ ಇವರು ಉಗುಳು ನುಂಗಿದ್ದೂ ಕೇಳಿಸಿದ ಹಾಗಾಯಿತು. ಆಮೇಲೆ ನಾನೇ ಕೇಳಿದೆ:

"ಅಷ್ಟೊತ್ತು ಏನ್ ಮಾತಾಡಿದ್ರಿ ತಾಯಿ ಮಗ?"

"ಅವ್ವ ಒಂದು ಕೇಳಿದ್ಳು. 'ಅಪ್ಪ ಹ್ವಾದಾಗ ನೀ ಅತ್ತಿಯೇನೋ?' ಅಂದ್ಳು. ಮಂದಿ ಮುಂದ ನಾ ಅಳಲಿಲ್ಲಲ್ಲ. ಆಕೀ ಜೀವಕ್ಕ ಅದು ಹತ್ತಿತ್ತಂತ. ಕೇಳಬೇಕಂದ್ರ ನೀ ಒಬ್ಬನೇ ಸಿಕ್ಕೇ ಇಲ್ಲ ಅಂದ್ಳು. ಮನ್ಯಾಗ ಮಂದಿ ಇರ್ತಿದ್ರು. ಆಮ್ಯಾಲೆ ಕಾರಿನ್ಯಾಗ ಬಾಜೂ ಕುಂತ್ರೂ ಹಿಂದ ನೀ ಇರ್ತಿದ್ದಿ."

ಕಾರಿನ ಮುಂದಿನ ಸೀಟಿನಲ್ಲಿ ಕೂತು ಅವರು ನನ್ನ ಗಂಡನನ್ನು ಪೂರ್ತಿಯಾಗಿ ಇಟ್ಟುಕೊಂಡಿದ್ದಾರೆ ಎಂದು ನಾನು ತಿಳಿದಿದ್ದೆ. ಪಾಪ, ಹಿಂದಿನ ಸೀಟಿನಲ್ಲಿದ್ದ ನನ್ನ ಕಿವಿಗಳಿಗಾಗಿ ಅವರೂ ಬಾಯಿ ಕಟ್ಟಿಕೊಂಡು ಕೂತಿದ್ದರು.

"ನೀವೇನ್ ಅಂದ್ರಿ?" ಎಂದೆ.

"ಅತ್ತೇನವಾ, ವರ್ಕ್‌ಶಾಪಿನ್ಯಾಗ ಮಷೀನ್ ಚಾಲೂ ಮಾಡಿ ಅತ್ತೇನಿ, ಅಂದೆ."

ಅದು ನನಗೂ ಗೊತ್ತಿರಲಿಲ್ಲ. ಇಷ್ಟು ವರ್ಷ ಒಂದೇ ತಾಟಿನ ಮುಂದೆ ಕೂತವಳಿಗೆ ಗೊತ್ತಿರಲಿಲ್ಲ. ಇವರ ಬೆನ್ನ ಮೇಲೆ ಕೈಯಿಟ್ಟೆ. ಲಕಮನಹಳ್ಳಿ ದಾಟುವವರೆಗೂ ತೆಗೆಯಲಿಲ್ಲ.

"ಇನ್ನೊಂದು ಹೇಳ್ಲೇನು?" ಎಂದರು ಇವರು. "ಕುದರಿ ಯಾಕ ಬೇಕಾಗಿತ್ತು ಗೊತ್ತೈತೇನು? ಅದರ ಹಿಂದ ಯಾರೂ ಕುಂಡ್ರಾಕ ಆಗಂಗಿಲ್ಲ. ಚಕ್ಕಡಿ ತೊಗೊಂಡ್ರ ನಿನ್ನ ಕೂಡಿಸ್ಕೋಬೇಕೋ, ಅವ್ವನ್ನ ಕೂಡಿಸ್ಕೋಬೇಕೋ? ಯಾಂವಗ ಬೇಕು ಆ ತ್ರಾಸು!"

"ಅಂದ್ರ ನಮ್ಮಿಬ್ಬರ್ನೂ ಬಿಟ್ಟು ಒಬ್ರ ತಿರಗೂ ವಿಚಾರ ಇತ್ತೇನ್ರಿ ನಿಮಗ?"

"ಹಂಗಲ್ಲ..."

"ಹಂಗಲ್ಲಂದ್ರ ಹೆಂಗ?"

ಆಮೇಲೆ ಶುರುವಾಯಿತು ನೋಡಿ. ಬೆನ್ನಿಗೆ ಎರಡು ಗುದ್ದು ಹಾಕಿದೆ. ಎಷ್ಟೋ ವರ್ಷದ ಬೈಗುಳ ಬಾಕಿ ಇತ್ತು, ಒಂದೊಂದೂ ಚೊಕ್ಕವಾಗಿ ಕೇಳಿಸುತ್ತಿತ್ತು. ಒಂದು ಸಲವೂ ಇವರು "ಹಾಂ?" ಎನ್ನಲಿಲ್ಲ. ಬದಲಿಗೆ ತಿರುಗಿ ಉತ್ತರ ಕೊಟ್ಟರು, ನಾನು ಮಗಳ ಮದುವೆಯಲ್ಲಿ ಮುನಿಸಿಕೊಂಡು ಕೂತದ್ದನ್ನು ಎತ್ತಿದರು. ಎತ್ತಿಯೇ ಎತ್ತಬೇಕಲ್ಲ! ಧಾರವಾಡ ಬಂತು, ಜಗಳ ಮುಗಿದಿರಲಿಲ್ಲ. "ಇನ್ನೊಂದಿಷ್ಟು ಮುಂದ ಹೋಗೂಣೇನು?" ಎಂದರು. "ನಡೀರಿ" ಎಂದೆ. ಇಬ್ಬರೂ ನಗುತ್ತಿದ್ದೆವು. ನನಗೆ ಅಷ್ಟು ಸಂತೋಷವಾಗಿ ಬಹಳ ಕಾಲವಾಗಿತ್ತು.

ಚಕ್ಕಡಿ ಮನೆಗೆ ಬಂದ ದಿನ ಗೇಟಿನ ಮುಂದೆ ಪೂಜೆಯಾಯಿತು. ಕಾಯಿ ಒಡೆದು, ಗಾಲಿಗೆ ನಿಂಬೆಹಣ್ಣು ಇಟ್ಟು, ಅತ್ತೆ ಗಾಜಿಗೆ ಕುಂಕುಮ ಹಚ್ಚಿದರು. ಇವರು ಹತ್ತಿ ಕೂತು ಗಾಡಿ ಶುರು ಮಾಡಿದರು. ಹಿಂದಿನ ಸೀಟು ಖಾಲಿ. ಇವರು ಯಾರ ಕಡೆಯೂ ನೋಡದೆ ಕನ್ನಡಿ ಸರಿಮಾಡುವ ನಾಟಕ ಮಾಡಿದರು. ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಬಾಯುಪಚಾರಕ್ಕಲ್ಲ, ಮನಸ್ಸಿನಿಂದಲೇ ಸರಿದೆ.

"ಅತ್ತಿ, ಮೊದಲ ನೀವು ಹೋಗಿ ಬರ್ರಿ. ನಾ ಆಮ್ಯಾಲೆ ಹೋಗ್ತೇನಿ."

ಅತ್ತೆ ನನ್ನನ್ನು ಒಂದು ಕ್ಷಣ ನೋಡಿದರು.

"ನಾ ಕೇಳೂದನ್ನ ಕೇಳೇನವಾ. ನಿಂದ ಇನ್ನೂ ಭಾಳ ಉಳದೈತಿ. ಹತ್ತು" ಎಂದು ನನ್ನ ರಟ್ಟೆ ಹಿಡಿದು ಗಾಡಿಯ ಹತ್ತಿರ ತಂದು ಬಿಟ್ಟರು. ನಾನು ಹತ್ತಿ ಕೂತ ಮೇಲೆ ಮಗನ ಹೆಗಲು ತಟ್ಟಿದರು.

"ಲಗೂ ಬರಬ್ಯಾಡ್ರಿ, ಸಾವಕಾಶ ಬರ್ರಿ" ಎಂದು ಹೇಳಿ, ನಾವಿನ್ನೂ ಅಲ್ಲೇ ಇರುವಾಗಲೇ ಒಳಗೆ ಹೋಗಿ ಗೇಟು ಹಾಕಿಕೊಂಡರು.